ಜೂನ್ 23: ಸತ್ತವರು ಯಾರ ದೇಶದವರು ಅನ್ನುವ ಪ್ರಶ್ನೆ

ದುರಂತಗಳ ಪರಿಹಾರದ ಕೇಸು ನಡೆಸುವ ನಮ್ಮಂಥ ವಕೀಲರ ಹತ್ತಿರ ಬರುವ ಕುಟುಂಬಗಳ ಮಾತು ಕಾಲ ಕಳೆದಂತೆ ಬದಲಾಗುತ್ತದೆ. ಶುರುವಿನಲ್ಲಿ ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಸ್ಯಾಲರಿ ಸ್ಲಿಪ್ಪು, ಇಷ್ಟೇ. ದುಡ್ಡಿನ ವಿಷಯ ಒಂದು ದಡ ಸೇರಿದ ಮೇಲೆ ಮನೆಯಲ್ಲಿ ಯಾರಾದರೊಬ್ಬರು ಬೇರೆಯದೇ ಕೇಳುತ್ತಾರೆ. "ಸಾರ್, ಆ ದಿನವನ್ನು ಸರ್ಕಾರದವರು ಸ್ಮರಣೆಯ ದಿನ ಅಂತ ಘೋಷಿಸಲಿಕ್ಕೆ ಆಗುತ್ತಾ? ಅದಕ್ಕೆ ಎಲ್ಲಿ ಅರ್ಜಿ ಕೊಡಬೇಕು?"

ಅದಕ್ಕೆ ಅಂತ ಯಾವ ನಮೂನೆಯೂ ಇಲ್ಲ. ಅಂಥ ದಿನದಿಂದ ಕಾನೂನಿನ ಪ್ರಕಾರ ಸಿಗುವುದೂ ಏನೂ ಇಲ್ಲ. ರಜೆ ಇಲ್ಲ, ಹಣ ಇಲ್ಲ, ಕೋರ್ಟಿನಲ್ಲಿ ತೋರಿಸಿ ಕೇಳುವ ಹಕ್ಕೂ ಇಲ್ಲ. ಆದರೂ ಜನ ಕೇಳುತ್ತಾರೆ ಅಂದರೆ ಅದರಲ್ಲಿ ಏನೋ ಇದೆ, ಅಲ್ವಾ? ಅದೇನು ಅಂತ ವಿವರಿಸಲು ನಾನು ಸಾಮಾನ್ಯವಾಗಿ ಕೆನಡಾದ ಉದಾಹರಣೆ ಕೊಡುತ್ತೇನೆ.

1985ರ ಜೂನ್ 23. ಏರ್ ಇಂಡಿಯಾದ 182ನೇ ವಿಮಾನ, 'ಕನಿಷ್ಕ' ಹೆಸರಿನ ಬೋಯಿಂಗ್ 747, ಮಾಂಟ್ರಿಯಲ್‌ನಿಂದ ಲಂಡನ್ ದಾರಿಯಾಗಿ ದೆಹಲಿಗೆ ಹೊರಟಿತ್ತು. ಐರ್ಲೆಂಡ್ ಕರಾವಳಿಯ ಹತ್ತಿರ, ಅಟ್ಲಾಂಟಿಕ್ ಸಮುದ್ರದ ಮೇಲೆ, 31,000 ಅಡಿ ಎತ್ತರದಲ್ಲಿ ಸಾಮಾನಿನ ಕೋಣೆಯಲ್ಲಿದ್ದ ಬಾಂಬು ಸಿಡಿಯಿತು. 329 ಜನ ಸತ್ತರು. ಅವರಲ್ಲಿ 80ಕ್ಕೂ ಹೆಚ್ಚು ಮಕ್ಕಳು. ಸಿಕ್ಕಿದ ದೇಹಗಳು 131 ಮಾತ್ರ. ಅದಕ್ಕೆ ಒಂದು ಗಂಟೆಗೂ ಕಡಿಮೆ ಹೊತ್ತಿನ ಮುಂಚೆ ಜಪಾನಿನ ನರಿತಾ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಸೂಟ್‌ಕೇಸು ಸಿಡಿದು, ಸಾಮಾನು ಸಾಗಿಸುತ್ತಿದ್ದ ಇಬ್ಬರು ಕೆಲಸಗಾರರು ಸತ್ತಿದ್ದರು. ಅದೂ ಇನ್ನೊಂದು ಏರ್ ಇಂಡಿಯಾ ವಿಮಾನಕ್ಕೆ ಹೋಗಬೇಕಿದ್ದ ಪೆಟ್ಟಿಗೆ.

ಎರಡೂ ಪೆಟ್ಟಿಗೆ ಹೊರಟಿದ್ದು ವ್ಯಾಂಕೂವರ್‌ನಿಂದ. ಬಾಂಬು ತಯಾರಾಗಿದ್ದು ಕೆನಡಾದ ನೆಲದಲ್ಲಿ. ಸಂಚು ಮಾಡಿದ ಖಾಲಿಸ್ತಾನಿ ಉಗ್ರರು ಅಲ್ಲೇ ನೆಲೆಸಿದ್ದವರು. ಸತ್ತವರಲ್ಲಿ ಬಹುಪಾಲು ಜನ ಕೆನಡಾದ ಪೌರರು. ಆದರೆ ಅವರ ಹೆಸರುಗಳು ಭಾರತದವು. ಕೆನಡಾದ ಆಗಿನ ಪ್ರಧಾನಿ ಬ್ರಯಾನ್ ಮಲ್ರೋನಿ ಸಂತಾಪ ಹೇಳಲು ಫೋನ್ ಮಾಡಿದ್ದು ರಾಜೀವ್ ಗಾಂಧಿಯವರಿಗೆ. ಸತ್ತದ್ದು ತನ್ನದೇ ಪ್ರಜೆಗಳು, ಸಮಾಧಾನ ಹೇಳಿದ್ದು ಇನ್ನೊಂದು ದೇಶದ ಪ್ರಧಾನಿಗೆ. ಆ ಒಂದು ಫೋನ್ ಕರೆಯನ್ನು ಕುಟುಂಬಗಳು ಇವತ್ತಿಗೂ ಮರೆತಿಲ್ಲ.

ಮುಂದಿನ 20 ವರ್ಷ ತನಿಖೆ, ಕೋರ್ಟು ಅಂತಲೇ ಕಳೆಯಿತು. ಭಾರತದಲ್ಲಿ ನ್ಯಾಯಮೂರ್ತಿ ಕಿರ್ಪಾಲ್ ಆಯೋಗ 1986ರಲ್ಲೇ, ಇದು ಬಾಂಬಿನ ಕೆಲಸ ಅಂತ ಹೇಳಿ ಮುಗಿಸಿತ್ತು. ಕೆನಡಾದಲ್ಲಿ ಮುಖ್ಯ ಮೊಕದ್ದಮೆಯ ತೀರ್ಪು ಬಂದದ್ದು 2005ರ ಮಾರ್ಚ್‌ನಲ್ಲಿ. ಇಬ್ಬರು ಆರೋಪಿಗಳೂ ಬಿಡುಗಡೆಯಾದರು. ಇಡೀ ಪ್ರಕರಣದಲ್ಲಿ ಶಿಕ್ಷೆಯಾದದ್ದು ಬಾಂಬಿನ ಭಾಗಗಳನ್ನು ಹೊಂದಿಸಿಕೊಟ್ಟ ಇಂದರ್‌ಜಿತ್ ಸಿಂಗ್ ರೇಯತ್ ಒಬ್ಬನಿಗೆ.

ಆ ತೀರ್ಪು ಬಂದ ಮೂರು ತಿಂಗಳಿಗೆ, 2005ರಲ್ಲಿ, ಕೆನಡಾ ಸರ್ಕಾರ ಜೂನ್ 23ನ್ನು 'ಭಯೋತ್ಪಾದನೆಗೆ ಬಲಿಯಾದವರ ರಾಷ್ಟ್ರೀಯ ಸ್ಮರಣೆಯ ದಿನ' ಅಂತ ಅಧಿಕೃತವಾಗಿ ಗುರುತಿಸಿತು. ಪ್ರಧಾನಿ ಪಾಲ್ ಮಾರ್ಟಿನ್ ಐರ್ಲೆಂಡಿಗೆ ಹೋಗಿ 20ನೇ ವರ್ಷದ ಸ್ಮರಣೆಯಲ್ಲಿ ಕುಟುಂಬಗಳ ಜೊತೆ ನಿಂತರು. ಕೋರ್ಟಿನಲ್ಲಿ ಸೋತವರಿಗೆ ಕ್ಯಾಲೆಂಡರಿನಲ್ಲಿ ಜಾಗ ಕೊಟ್ಟರು ಅಂತ ಯಾರಾದರೂ ಟೀಕಿಸಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅದರಲ್ಲಿ ಸ್ವಲ್ಪ ನಿಜವಿದೆ.

ಆದರೂ ಆ ಆದೇಶವನ್ನು ವಕೀಲನ ಕಣ್ಣಿನಿಂದ ಓದಿದರೆ ಕುತೂಹಲದ ಸಂಗತಿ ಕಾಣುತ್ತದೆ. ಹೆಸರಿನಲ್ಲಿ ಕನಿಷ್ಕ ಇಲ್ಲ, ಏರ್ ಇಂಡಿಯಾ ಇಲ್ಲ. ಭಯೋತ್ಪಾದನೆಗೆ ಬಲಿಯಾದ ಎಲ್ಲರೂ ಅದರೊಳಗೆ ಬರುತ್ತಾರೆ. ಆದರೆ ತಾರೀಕು ಮಾತ್ರ ಆ ವಿಮಾನದ್ದೇ. ದೇಶಕ್ಕೆಲ್ಲ ಒಪ್ಪುವ ಅಗಲವಾದ ಹೆಸರು, ಕುಟುಂಬಗಳಿಗೆ ಬೇಕಾದ ನಿಖರವಾದ ದಿನಾಂಕ. ಕರಡು ಬರೆಯುವವರ ಜಾಣತನ ಅಂದರೆ ಇದು. ಆ ದಿನ ಫೆಡರಲ್ ಸರ್ಕಾರದ ಕಟ್ಟಡಗಳ ಮೇಲೆ ಬಾವುಟ ಅರ್ಧಕ್ಕೆ ಇಳಿಯಬೇಕು. ಯಾರೋ ಒಬ್ಬ ನೌಕರ ಪ್ರತಿ ವರ್ಷ ಅದನ್ನು ಮಾಡಲೇಬೇಕು, ಯಾಕೆ ಅಂತ ಒಮ್ಮೆಯಾದರೂ ಕೇಳಲೇಬೇಕು. ಮೇಣದಬತ್ತಿ ಹಚ್ಚುವುದಕ್ಕಿಂತ ನನಗೆ ಈ ಕಚೇರಿ ಕೆಲಸದ ಮೇಲೇ ನಂಬಿಕೆ ಜಾಸ್ತಿ.

ಇಂಥ ದಿನ ಮಾಡುವ ದಾರಿ ಒಂದೇ ಅಲ್ಲ. ಕೆನಡಾದಲ್ಲೇ ಏಪ್ರಿಲ್ 28, ಕೆಲಸದ ಜಾಗದಲ್ಲಿ ಸತ್ತ ಕಾರ್ಮಿಕರ ದಿನ, 1991ರಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆಯಿಂದ ಬಂದದ್ದು. ಅದರಲ್ಲೇ ಇದು ರಜಾದಿನ ಅಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. 1989ರಲ್ಲಿ ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ 14 ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದ ಡಿಸೆಂಬರ್ 6ನ್ನೂ 1991ರಲ್ಲಿ ಸಂಸತ್ತೇ ಸ್ಮರಣೆಯ ದಿನ ಮಾಡಿತು. ಅದಕ್ಕೆ ಎರಡೇ ವರ್ಷ ಸಾಕಾಯಿತು. ಸಂಸತ್ತಿನ ಕಾಯ್ದೆಯನ್ನು ತೆಗೆಯಬೇಕಾದರೆ ಮತ್ತೆ ಸಂಸತ್ತಿಗೇ ಹೋಗಬೇಕು. ಸರ್ಕಾರದ ಆದೇಶವಾದರೆ ಇನ್ನೊಂದು ಸರ್ಕಾರ ಸುಮ್ನೆ ಮರೆತುಬಿಡಬಹುದು. ಕುಟುಂಬಗಳಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿರಬೇಕು.

ಇನ್ನು ನಾನು ಒತ್ತಿ ಹೇಳುವ ಮಾತು. ದಿನ ಕೇಳುವ ಮೊದಲು ವರದಿ ಕೇಳಿ.

ಕನಿಷ್ಕದ ಕುಟುಂಬಗಳು ದಿನ ಸಿಕ್ಕಿತು ಅಂತ ಮನೆಗೆ ಹೋಗಲಿಲ್ಲ. ಸಾರ್ವಜನಿಕ ವಿಚಾರಣೆ ಬೇಕು ಅಂತ ಪಟ್ಟು ಹಿಡಿದವು. 2005ರ ಕೊನೆಯಲ್ಲಿ, ಸರ್ಕಾರ ಸಲಹೆಗಾರರಾಗಿ ನೇಮಿಸಿದ್ದ ಬಾಬ್ ರೇ ಅವರ ವರದಿ, ವಿಚಾರಣೆ ಆಗಬೇಕು ಅಂತ ಸಲಹೆ ಕೊಟ್ಟಿತು. 2006ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ ರಚನೆಯಾಯಿತು. 2010ರ ಜೂನ್‌ನಲ್ಲಿ ಬಂದ ಅವರ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ವಿಮಾನ ಹೊರಡುವ ಕೆಲವೇ ವಾರಗಳ ಮೊದಲು ಗುಪ್ತಚರ ಸಿಬ್ಬಂದಿ ಶಂಕಿತರನ್ನು ಕಾಡಿನವರೆಗೆ ಹಿಂಬಾಲಿಸಿದ್ದರು. ದೊಡ್ಡ ಸದ್ದು ಕೇಳಿಸಿತ್ತು. ಬಂದೂಕು ಇರಬೇಕು ಅಂದುಕೊಂಡು ವಾಪಸ್ಸು ಬಂದರು. ಮುಖ್ಯ ಸಂಚುಗಾರ ತಲ್ವಿಂದರ್ ಸಿಂಗ್ ಪರ್ಮಾರ್‌ನ ಫೋನ್ ಕದ್ದಾಲಿಸಿದ ಟೇಪುಗಳನ್ನು ಅಳಿಸಿಹಾಕಿದ್ದರು. ವ್ಯಾಂಕೂವರ್‌ನಲ್ಲಿ ವಿಮಾನ ಹತ್ತದ ಒಬ್ಬನ ಪೆಟ್ಟಿಗೆ ಮಾತ್ರ ಹತ್ತಿತ್ತು. ಆ ಪೆಟ್ಟಿಗೆ ಏರ್ ಇಂಡಿಯಾ ವಿಮಾನಕ್ಕೆ ಬದಲಾದ ಟೊರಾಂಟೊದಲ್ಲಿ ಸಾಮಾನು ನೋಡುವ ಎಕ್ಸ್-ರೇ ಯಂತ್ರ ಕೆಟ್ಟು ನಿಂತಿತ್ತು.

ಈಗ ಬೆಂಗಳೂರಿನಲ್ಲಿ ವಿಮಾನ ಹತ್ತಿ ಕೂತಾಗ, ಒಬ್ಬ ಪ್ರಯಾಣಿಕ ಬಂದಿಲ್ಲ, ಅವರ ಬ್ಯಾಗು ಇಳಿಸುತ್ತಿದ್ದೇವೆ, ತಡವಾಗುತ್ತದೆ ಅಂತ ಹೇಳಿದರೆ ನಾವು ಗೊಣಗುತ್ತೇವೆ. ಪ್ರಯಾಣಿಕನಿಲ್ಲದ ಬ್ಯಾಗು ಹಾರಬಾರದು ಅನ್ನುವ ಆ ನಿಯಮ ಜಗತ್ತಿನಾದ್ಯಂತ ಬಿಗಿಯಾದದ್ದು ಕನಿಷ್ಕದ ನಂತರವೇ.

ವರದಿ ಬಂದ ವಾರದೊಳಗೆ, 2010ರ ಜೂನ್ 23ರಂದು, ಪ್ರಧಾನಿ ಸ್ಟೀಫನ್ ಹಾರ್ಪರ್ ಟೊರಾಂಟೊದ ಸ್ಮಾರಕದ ಬಳಿ ಕುಟುಂಬಗಳ ಕ್ಷಮೆ ಕೇಳಿದರು. 2005ರಲ್ಲಿ ಗುರುತಿಸಿದ ದಿನಕ್ಕೆ ಅರ್ಥ ಬಂದದ್ದು ಆಗ. ಮೊದಲ ಐದು ವರ್ಷ ಅದು 'ನಿಮಗೆ ದುಃಖವಾಗಿದೆ' ಅಂತ ಹೇಳುವ ದಿನವಾಗಿತ್ತು. ಆಮೇಲೆ 'ನಾವು ತಪ್ಪು ಮಾಡಿದೆವು' ಅಂತ ಒಪ್ಪಿಕೊಂಡ ದಿನವಾಯಿತು. ಸರ್ಕಾರಗಳಿಗೆ ಮೊದಲನೆಯದನ್ನು ಹೇಳುವುದು ಸುಲಭ. ಅದಕ್ಕೇ ದಿನ ಬೇಗ ಕೊಡುತ್ತವೆ, ವರದಿ ತಡ ಮಾಡುತ್ತವೆ.

ದಿನ ಇದ್ದ ಮಾತ್ರಕ್ಕೆ ನೆನಪು ಉಳಿಯುತ್ತದೆ ಅಂತಲೂ ಇಲ್ಲ. 2023ರಲ್ಲಿ ಆಂಗಸ್ ರೀಡ್ ಸಂಸ್ಥೆ ಕೆನಡಾದ ಜನರನ್ನು ಕೇಳಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಈ ದುರಂತದ ಬಗ್ಗೆ ಸ್ವಲ್ಪವೇ ಗೊತ್ತು ಅಥವಾ ಏನೂ ಗೊತ್ತಿಲ್ಲ ಅಂದರು. ಅದೇ ಐರ್ಲೆಂಡಿನ ಅಹಾಕಿಸ್ಟಾ ಅನ್ನುವ ಪುಟ್ಟ ಹಳ್ಳಿ ನೋಡಿ. ಸಮುದ್ರದ ದಡದಲ್ಲಿ ನೆರಳು ಗಡಿಯಾರದ ಸ್ಮಾರಕ ಮೊದಲನೇ ವರ್ಷಕ್ಕೇ ಎದ್ದು ನಿಂತಿತು. ಅಲ್ಲಿಯವರು ಯಾರೂ ಸತ್ತಿರಲಿಲ್ಲ. ಯಾವ ಘೋಷಣೆಗೂ ಕಾಯದೆ ಊರಿನವರು ಪ್ರತಿ ಜೂನ್ 23ಕ್ಕೆ ಕುಟುಂಬಗಳ ಜೊತೆ ಸೇರುತ್ತಾರೆ.

ಒಂದು ವಿಷಯದಲ್ಲಿ ಕೆನಡಾ ಪಾಠ ಕಲಿತಂತೆ ಕಾಣುತ್ತದೆ. 2020ರ ಜನವರಿ 8ರಂದು ಟೆಹರಾನ್ ಬಳಿ ಇರಾನಿನ ಕ್ಷಿಪಣಿಗಳು ಉಕ್ರೇನಿನ ಪ್ರಯಾಣಿಕರ ವಿಮಾನವನ್ನು ಉರುಳಿಸಿ 176 ಜನ ಸತ್ತಾಗ, ಅವರಲ್ಲಿ 55 ಮಂದಿ ಕೆನಡಾದ ಪೌರರಾಗಿದ್ದರು. ವರ್ಷ ತುಂಬುವ ಹೊತ್ತಿಗೆ ಜನವರಿ 8 ವಿಮಾನ ದುರಂತಗಳಿಗೆ ಬಲಿಯಾದವರ ರಾಷ್ಟ್ರೀಯ ಸ್ಮರಣೆಯ ದಿನವಾಗಿತ್ತು. ಈ ಸಲ ಇವರು ನಮ್ಮವರು ಅಂತ ಹೇಳಲು 20 ವರ್ಷ ಬೇಕಾಗಲಿಲ್ಲ.

ನಮ್ಮಲ್ಲಿ? ಡಿಸೆಂಬರ್ 2ನ್ನು ನೋಡಿ. 1984ರ ಭೋಪಾಲ್ ಅನಿಲ ದುರಂತದಲ್ಲಿ ಸತ್ತವರ ನೆನಪಿಗೆ ಆಚರಿಸುವ ದಿನ ಅದು. ಹೆಸರು ಮಾತ್ರ 'ರಾಷ್ಟ್ರೀಯ ಮಾಲಿನ್ಯ ನಿಯಂತ್ರಣ ದಿನ'. ಶಾಲೆಗಳಲ್ಲಿ ಮಕ್ಕಳು ಗಿಡ ನೆಡುತ್ತಾರೆ, ಚಿತ್ರ ಬಿಡಿಸುತ್ತಾರೆ. ಸತ್ತವರು ಎಲ್ಲಿ ಹೋದರು? ಕೆನಡಾದವರು ಹೆಸರು ಅಗಲ ಮಾಡಿದರೂ 'ಬಲಿಯಾದವರು' ಅನ್ನುವುದನ್ನು ಬಿಡಲಿಲ್ಲ. ನಾವು ಅದನ್ನೇ ಬಿಟ್ಟೆವು. 2021ರಲ್ಲಿ ಆಗಸ್ಟ್ 14ನ್ನು ದೇಶ ವಿಭಜನೆಯ ಕರಾಳ ನೆನಪಿನ ದಿನವಾಗಿ ಕೇಂದ್ರ ಗೃಹ ಸಚಿವಾಲಯ ಗೆಜೆಟ್‌ನಲ್ಲಿ ಪ್ರಕಟಿಸಿತು. ಹಾಗಾಗಿ ದಾರಿ ಇಲ್ಲ ಅಂತಲ್ಲ. ಮನಸ್ಸಿದ್ದರೆ ಒಂದು ಅಧಿಸೂಚನೆ ಸಾಕು.

ಮಂಗಳೂರಿನಲ್ಲಿ 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು. ಬದುಕಿದವರು ಎಂಟೇ ಮಂದಿ. ಕೂಳೂರಿನ ಸ್ಮಾರಕದಲ್ಲಿ ಜಿಲ್ಲಾಡಳಿತ ಶ್ರದ್ಧಾಂಜಲಿ ಸಲ್ಲಿಸುತ್ತದೆ. ಅದು ಜಿಲ್ಲೆಯ ಕಾರ್ಯಕ್ರಮ, ದೇಶದ ದಿನ ಅಲ್ಲ. ಪ್ರತಿ ದುರಂತಕ್ಕೂ ದೇಶದ ದಿನ ಬೇಕು ಅಂತ ನಾನೂ ಹೇಳುವುದಿಲ್ಲ. ಆಗ ಕ್ಯಾಲೆಂಡರಿನಲ್ಲಿ ಖಾಲಿ ಚೌಕವೇ ಉಳಿಯುವುದಿಲ್ಲ.

ಕೇಳಲೇಬೇಕು ಅಂತ ತೀರ್ಮಾನಿಸಿದವರಿಗೆ ನಾನು ಬರೆದುಕೊಡುವ ಮನವಿ ಒಂದು ಪುಟ ದಾಟುವುದಿಲ್ಲ. ತಾರೀಕು ಘಟನೆ ನಡೆದದ್ದೇ ಇರಲಿ, ಅನುಕೂಲಕ್ಕೆ ಭಾನುವಾರ ಬೇಡ. ಹೆಸರಿನಲ್ಲಿ ಸತ್ತವರು ಇರಲಿ. ಆ ದಿನ ಯಾವ ಇಲಾಖೆ, ಯಾವ ಹುದ್ದೆಯವರು, ಏನು ಮಾಡಬೇಕು ಅಂತ ಆದೇಶದಲ್ಲೇ ಬರೆಯಲಿ. ತನಿಖಾ ವರದಿ ಇನ್ನೂ ಬಂದಿಲ್ಲವಾದರೆ, ಅದನ್ನು ಪ್ರಕಟಿಸಿ ಅನ್ನುವ ಕೋರಿಕೆ ಮನವಿಯ ಮೊದಲ ಪ್ಯಾರಾದಲ್ಲಿ ಬರಲಿ, ದಿನದ ಮಾತು ಎರಡನೆಯದರಲ್ಲಿ.