ಸ್ಪಿನ್-ಮೊಮೆಂಟಮ್ ಲಾಕಿಂಗ್: ಬೀಗ ಹಾಕಿದ್ದು ಯಾವುದಕ್ಕೆ?

ಲಾಕಿಂಗ್ ಅಂದ ತಕ್ಷಣ ಸ್ಪಿನ್ ಅಲ್ಲಾಡದಂತೆ ಕಟ್ಟಿಹಾಕಿದ್ದಾರೆ ಅನಿಸುತ್ತದೆ. ಹಾಗಲ್ಲ. ಎಲೆಕ್ಟ್ರಾನ್ ಹೋಗುವ ದಿಕ್ಕಿಗೂ ಅದರ ಸ್ಪಿನ್ ತೋರುವ ದಿಕ್ಕಿಗೂ ಗಂಟು ಬಿದ್ದಿದೆ, ಅಷ್ಟೇ. ಮೊಮೆಂಟಮ್ ಅಂದರೆ ಶಾಲೆಯಲ್ಲಿ ಸಂವೇಗ ಅಂತ ಓದಿದ್ದೆವಲ್ಲ, ಅದೇ. ಸ್ಪಿನ್ ಅನ್ನುವುದು ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಬಂದ ಗುಣ, ಅದರಿಂದಾಗಿ ಅದು ಪುಟ್ಟ ಅಯಸ್ಕಾಂತದ ಹಾಗೆ ವರ್ತಿಸುತ್ತದೆ. ಬುಗುರಿ ತರಹ ನಿಜಕ್ಕೂ ಸುತ್ತುವುದಿಲ್ಲ, ಹೆಸರು ಮಾತ್ರ ಹಾಗೆ ಉಳಿದುಬಿಟ್ಟಿದೆ.

ಈ ಗಂಟು ಚೆನ್ನಾಗಿ ಕಾಣುವುದು ಟೊಪಾಲಜಿಕಲ್ ಇನ್ಸುಲೇಟರ್‌ಗಳಲ್ಲಿ. ಉದಾಹರಣೆಗೆ ಬಿಸ್ಮತ್ ಸೆಲೆನೈಡ್: ಒಳಗೆಲ್ಲ ಅವಾಹಕ, ಮೇಲ್ಮೈಯಲ್ಲಿ ಮಾತ್ರ ಕರೆಂಟ್ ಹರಿಯುತ್ತದೆ. ಬಲಗೈಯನ್ನು ಪಕ್ಕಕ್ಕೆ ಚಾಚಿಕೊಂಡೇ ನಡೆಯುವ ಒಬ್ಬನನ್ನು ಊಹಿಸಿಕೊಳ್ಳಿ. ಪೂರ್ವಕ್ಕೆ ನಡೆದರೆ ಕೈ ದಕ್ಷಿಣಕ್ಕೆ, ಪಶ್ಚಿಮಕ್ಕೆ ತಿರುಗಿದರೆ ಉತ್ತರಕ್ಕೆ. ಪಶ್ಚಿಮಕ್ಕೆ ಹೋಗುತ್ತಾ ಕೈ ದಕ್ಷಿಣಕ್ಕೇ ಇರಲಿ ಅಂದರೆ ಆಗುವುದಿಲ್ಲ. ಆ ಕೈಯೇ ಸ್ಪಿನ್. (ಹರಳಿನ ತಳದ ಮೇಲ್ಮೈಯಲ್ಲಿರುವವರೆಲ್ಲ ಎಡಚರು, ಅಲ್ಲಿ ಲೆಕ್ಕ ಉಲ್ಟಾ!) ಬಿಸ್ಮತ್‌ನಂಥ ಭಾರದ ಪರಮಾಣುಗಳಲ್ಲಿ ಸ್ಪಿನ್‌ಗೂ ಎಲೆಕ್ಟ್ರಾನಿನ ಓಟಕ್ಕೂ ನಂಟು ಜೋರು, ಅದೇ ಇದಕ್ಕೆಲ್ಲ ಮೂಲ.

ದಾರಿಯಲ್ಲಿ ಕಲ್ಮಶದ ಪರಮಾಣು ಸಿಕ್ಕಿತು ಅನ್ನಿ. ನೇರ ಹಿಂದಕ್ಕೆ ಬರಬೇಕಾದರೆ ಸ್ಪಿನ್ ಪೂರ್ತಿ ತಿರುಗಬೇಕು, ಅಯಸ್ಕಾಂತದ ಗುಣವಿಲ್ಲದ ಕಲ್ಮಶಕ್ಕೆ ಅದು ಸಾಧ್ಯವಿಲ್ಲ. ಹಾಗಂತ ಎಲೆಕ್ಟ್ರಾನ್ ಎಲ್ಲೂ ಚದುರುವುದೇ ಇಲ್ಲ ಅಂತ ಕೆಲವರು ಬರೆದುಬಿಡುತ್ತಾರೆ, ಅದು ಸ್ವಲ್ಪ ಜಾಸ್ತಿಯಾಯಿತು. ಓರೆಯಾಗಿ ಚದುರಬಹುದು.

ಸ್ಪಿಂಟ್ರಾನಿಕ್ಸ್‌ನವರಿಗೆ, ಅಂದರೆ ಎಲೆಕ್ಟ್ರಾನಿನ ಸ್ಪಿನ್ನನ್ನೂ ಬಳಸಿಕೊಂಡು ಸಾಧನ ಮಾಡುವವರಿಗೆ, ಇದು ಯಾಕೆ ಬೇಕು? ತಾಮ್ರದ ತಂತಿಯಲ್ಲಿ ಸ್ಪಿನ್‌ಗಳು ದಿಕ್ಕಾಪಾಲಾಗಿ ಒಟ್ಟು ಸೊನ್ನೆಯಾಗುತ್ತವೆ. ಇಲ್ಲಿ ಸುಮ್ನೆ ಕರೆಂಟ್ ಹರಿಸಿದರೆ ಸಾಕು, ಹೆಚ್ಚಿನ ಸ್ಪಿನ್‌ಗಳು ಒಂದೇ ಕಡೆ ವಾಲುತ್ತವೆ, ಕರೆಂಟನ್ನು ಉಲ್ಟಾ ಮಾಡಿದರೆ ಅವೂ ಉಲ್ಟಾ. ಹೊರಗಿನಿಂದ ಅಯಸ್ಕಾಂತ ಹಿಡಿಯಬೇಕಿಲ್ಲ. 2014ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಬಿಸ್ಮತ್ ಸೆಲೆನೈಡ್‌ಗೆ ತೆಳುವಾದ ನಿಕ್ಕಲ್-ಕಬ್ಬಿಣದ ಪದರ ತಾಗಿಸಿ ಕರೆಂಟ್ ಹರಿಸಿತು. ಸ್ಪಿನ್‌ಗಳು ಆ ಅಯಸ್ಕಾಂತ ಪದರವನ್ನು ಜೋರಾಗಿಯೇ ತಿರುಚಿದವು, ಅದೂ ಕೋಣೆಯ ಉಷ್ಣತೆಯಲ್ಲಿ. ಅಯಸ್ಕಾಂತದ ದಿಕ್ಕನ್ನೇ 0 ಮತ್ತು 1 ಅಂತ ಇಟ್ಟುಕೊಳ್ಳುವ ಮೆಮೊರಿ ಚಿಪ್‌ಗಳಲ್ಲಿ, ಕಮ್ಮಿ ಕರೆಂಟಿನಲ್ಲಿ ಬರೆಯಲು ಇಂಥ ತಿರುಚುವಿಕೆಯೇ ಬೇಕು.

ತಲೆನೋವು ಇರುವುದು ವಸ್ತುವಿನಲ್ಲೇ. ಹರಳು ಬೆಳೆಸುವಾಗ ಅಲ್ಲಲ್ಲಿ ಸೆಲೆನಿಯಂ ಪರಮಾಣು ತಪ್ಪಿಹೋಗುತ್ತದೆ, ಆ ಖಾಲಿ ಜಾಗಗಳಿಂದ ಹೆಚ್ಚುವರಿ ಎಲೆಕ್ಟ್ರಾನ್‌ಗಳು ಬಂದು ಒಳಭಾಗವೂ ಕರೆಂಟ್ ಹರಿಸತೊಡಗುತ್ತದೆ. ಇನ್ಸುಲೇಟರ್ ಅನ್ನುವುದು ಹೆಸರಿಗಷ್ಟೇ! ಹಾಗಾಗಿ ಆಂಟಿಮೊನಿ, ಟೆಲ್ಲೂರಿಯಂ ಬೆರೆಸಿ, ಹದ ನೋಡಿ ನೋಡಿ ಒಳಗಿನ ಹರಿವನ್ನು ತಗ್ಗಿಸುತ್ತಾರೆ.