ನಿಕರಾಗುವಾ ಮತ್ತು ಯೂಮನ್ ಸಮುದಾಯಗಳು: ಸಾಮಾಜಿಕ, ಆರ್ಥಿಕ ಸ್ಥಿತಿಯ ಹೋಲಿಕೆಗೆ ಟಿಪ್ಪಣಿ

ಯಾರನ್ನು ಯಾರ ಜೊತೆ ಹೋಲಿಸಬೇಕು?

ನಿಕರಾಗುವಾ ಮತ್ತು ಯೂಮನ್ ಸಮುದಾಯಗಳ ಸಾಮಾಜಿಕ, ಆರ್ಥಿಕ ಸ್ಥಿತಿಯನ್ನು ಹೋಲಿಸಿ ಎಂಬ ಪ್ರಶ್ನೆಗೆ ಬರೆಯುವ ಉತ್ತರಗಳು ಹೆಚ್ಚಾಗಿ ದಾರಿ ತಪ್ಪುವುದು ಮೊದಲ ಪ್ಯಾರಾದಲ್ಲೇ. ನಿಕರಾಗುವಾ ಒಂದು ದೇಶ. ಯೂಮನ್ ಎಂದರೆ ಒಂದು ಭಾಷಾಕುಟುಂಬಕ್ಕೆ ಸೇರಿದ ಹಲವು ಜನಾಂಗಗಳು: ಕೊಲರಾಡೊ ನದಿಯ ಕೆಳಪಾತ್ರದ ಕ್ವೆಚಾನ್, ಮೊಹಾವಿ, ಕೋಕೋಪಾ, ಗ್ರ್ಯಾಂಡ್ ಕ್ಯಾನ್ಯನ್ ಬಳಿಯ ಹವಸುಪಾಯ್, ವಾಲಪಾಯ್, ಸ್ಯಾನ್ ಡಿಯೇಗೊ ಸುತ್ತಲಿನ ಕುಮಿಯಾಯ್, ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಪಾಯ್‌ಪಾಯ್, ಕಿಲಿವಾ. ಒಂದು ಇಡೀ ದೇಶದ ತಲಾ ಆದಾಯದ ಪಕ್ಕದಲ್ಲಿ ಕೆಲವೇ ಸಾವಿರ ಜನರ ಬುಡಕಟ್ಟಿನ ಆದಾಯ ಇಟ್ಟರೆ ಯಾವ ತೀರ್ಮಾನಕ್ಕೂ ಬರಲಾಗದು.

ಇದರ ಜೊತೆಗೆ ಇನ್ನೊಂದು ಗೊಂದಲ. ಅರಿಜೋನಾದಲ್ಲಿ ಯೂಮಾ ಎಂಬ ನಗರವಿದೆ, ಅದೇ ಹೆಸರಿನ ಕೌಂಟಿಯೂ ಇದೆ. ಚಳಿಗಾಲದಲ್ಲಿ ಅಮೆರಿಕಕ್ಕೆ ಲೆಟ್ಯೂಸ್ ಸೊಪ್ಪು ಬೆಳೆದುಕೊಡುವ ಜಾಗ ಅದು. ಕೊಯ್ಲಿನ ಕೂಲಿಗೆ ಗಡಿ ದಾಟಿ ಮೆಕ್ಸಿಕೊದಿಂದ ಜನ ಬರುತ್ತಾರೆ. ಆ ಕೌಂಟಿಯ ನಿರುದ್ಯೋಗ ದರವನ್ನು ಎತ್ತಿ 'ಯೂಮನ್ ಸಮುದಾಯದ ನಿರುದ್ಯೋಗ' ಎಂದು ಬರೆಯಬೇಡಿ.

ಹೋಲಿಕೆ ಸರಿಯಾಗಬೇಕಾದರೆ ನಿಕರಾಗುವಾದ ಕೆರಿಬಿಯನ್ ಕರಾವಳಿಯ ಮೂಲನಿವಾಸಿಗಳನ್ನು ಒಂದು ಬದಿಗೆ ತೆಗೆದುಕೊಳ್ಳಿ: ಮಿಸ್ಕಿಟು, ಮಯಾಂಗ್ನಾ, ರಾಮಾ. 2005ರ ಜನಗಣತಿಯಲ್ಲಿ ಮಿಸ್ಕಿಟು ಸುಮಾರು 1.2 ಲಕ್ಷ, ಮಯಾಂಗ್ನಾ ಹತ್ತಿರ ಹತ್ತಿರ 10 ಸಾವಿರ, ರಾಮಾ 4 ಸಾವಿರದ ಆಸುಪಾಸು. ಇವರ ಜೊತೆ ಅದೇ ಕರಾವಳಿಯ ಕ್ರಿಯೋಲ್ ಮತ್ತು ಗರಿಫುನಾ ಜನರೂ ಇದ್ದಾರೆ. ಅವರು ಆಫ್ರಿಕನ್ ಮೂಲದವರಾದರೂ ಜಮೀನಿನ ಕಾನೂನು ಅವರಿಗೂ ಅನ್ವಯಿಸುತ್ತದೆ. ಇನ್ನೊಂದು ಬದಿಗೆ ಯೂಮನ್ ಜನಾಂಗಗಳು. ಎರಡೂ ಕಡೆ ಸಾಮೂಹಿಕ ಭೂಮಿ ಇದೆ, ಕಾನೂನು ಒಪ್ಪಿದ ಸ್ವಯಮಾಡಳಿತ ಇದೆ, ಹೊರಗಿನವರ ಕಣ್ಣು ಬಿದ್ದಿರುವ ಸಂಪನ್ಮೂಲವೂ ಇದೆ. ಅದಕ್ಕೇ ಈ ಜೋಡಿ ಹೊಂದುತ್ತದೆ.

ನಿಕರಾಗುವಾ: ಹಕ್ಕುಪತ್ರ ಬಂತು, ಜಮೀನು ಖಾಲಿಯಾಗಲಿಲ್ಲ

ಕೆರಿಬಿಯನ್ ಕರಾವಳಿಯು ರಾಜಧಾನಿ ಮನಾಗುವಾದ ಆಳ್ವಿಕೆಗೆ ಪೂರ್ತಿ ಬಂದದ್ದು 1894ರಲ್ಲಿ, ಸೆಲಾಯ ಅಧ್ಯಕ್ಷನಾಗಿದ್ದಾಗ. ಅದೂ ಸೈನ್ಯ ಕಳಿಸಿ. ಅಲ್ಲಿಂದಾಚೆಗೆ ಮರ, ಬಾಳೆ, ಚಿನ್ನ ಒಂದರ ಹಿಂದೊಂದು ಹೊರಹೋದವು. 1980ರ ದಶಕದ ಅಂತರ್ಯುದ್ಧದ ನಡುವೆ, 1987ರಲ್ಲಿ, ಸ್ವಾಯತ್ತತೆ ಕೊಡುವ 28ನೇ ಕಾನೂನು ಬಂತು. ಎರಡು ಸ್ವಾಯತ್ತ ಪ್ರದೇಶಗಳಾದವು: ಉತ್ತರಕ್ಕೆ ಬಿಲ್ವಿ, ದಕ್ಷಿಣಕ್ಕೆ ಬ್ಲೂಫೀಲ್ಡ್ಸ್ ರಾಜಧಾನಿ. ಆದರೆ ಜಮೀನಿನ ಗಡಿ ಗುರುತಿಸುವ ವಿಧಾನ ಆ ಕಾನೂನಿನಲ್ಲಿರಲಿಲ್ಲ.

ಆ ಕೊರತೆ ಬಯಲಾದದ್ದು ಅವಾಸ್ ತಿಂಗ್ನಿ ಎಂಬ ಮಯಾಂಗ್ನಾ ಊರಿನ ಪ್ರಕರಣದಲ್ಲಿ. ಅವರು ಓಡಾಡಿಕೊಂಡಿದ್ದ ಸುಮಾರು 62 ಸಾವಿರ ಹೆಕ್ಟೇರ್ ಕಾಡನ್ನು ಸರ್ಕಾರ 1996ರಲ್ಲಿ ಮರ ಕಡಿಯುವ ಕಂಪನಿಯೊಂದಕ್ಕೆ ಕೊಟ್ಟಿತು. ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ 2001ರ ಆಗಸ್ಟ್ 31ರಂದು ಊರಿನ ಪರ ತೀರ್ಪು ಕೊಟ್ಟಿತು: ಕಾಗದವಿಲ್ಲದಿದ್ದರೂ ತಲೆತಲಾಂತರದ ಅನುಭೋಗವೇ ಹಕ್ಕು. ಅದರ ಬೆನ್ನಿಗೇ 2003ರಲ್ಲಿ 445ನೇ ಕಾನೂನು ಬಂತು. ಅವಾಸ್ ತಿಂಗ್ನಿಗೆ ಹಕ್ಕುಪತ್ರ ಕೈಗೆ ಸಿಕ್ಕಿದ್ದು ಮಾತ್ರ 2008ರ ಡಿಸೆಂಬರ್‌ನಲ್ಲಿ.

445ನೇ ಕಾನೂನಿನ ಪ್ರಕ್ರಿಯೆಗೆ ಐದು ಹಂತ: ಅರ್ಜಿ ಹಾಕುವುದು, ಅಕ್ಕಪಕ್ಕದ ಸಮುದಾಯಗಳ ತಕರಾರು ತೀರಿಸುವುದು, ಅಳತೆ ಮಾಡಿ ಗಡಿ ಹಾಕುವುದು, ಹಕ್ಕುಪತ್ರ ಕೊಡುವುದು, ಕೊನೆಗೆ 'ಸನೆಯಾಮಿಯೆಂತೊ', ಅಂದರೆ ಹೊರಗಿನವರ ಸ್ವಾಧೀನವನ್ನು ವಿಚಾರಿಸಿ ಇತ್ಯರ್ಥ ಮಾಡುವುದು. ಮೊದಲ ನಾಲ್ಕು ಹಂತ ಸಾಕಷ್ಟು ನಡೆದಿವೆ. 23 ಪ್ರಾಂತ್ಯಗಳಿಗೆ ಹಕ್ಕುಪತ್ರ ಸಿಕ್ಕು, ದೇಶದ ನೆಲದ ಸುಮಾರು ಶೇ. 30ರಷ್ಟು ಕಾಗದದ ಮೇಲೆ ಸಾಮೂಹಿಕ ಭೂಮಿಯಾಗಿದೆ. ಬಾಕಿ ಉಳಿದದ್ದು ಐದನೆಯ ಹಂತ, ಇಡೀ ಉತ್ತರದ ಜೀವ ಇರುವುದೂ ಅಲ್ಲೇ.

ಏಕೆ ನಿಂತಿತು? ಕಾನೂನಿನ ಪ್ರಕಾರ ದಾಖಲೆಯಿಲ್ಲದೆ ನೆಲೆಸಿದವರು ಪರಿಹಾರವಿಲ್ಲದೆ ಹೋಗಬೇಕು, ಇಲ್ಲವೇ ಸಮುದಾಯಕ್ಕೆ ಗುತ್ತಿಗೆ ಕಟ್ಟಿ ಇರಬೇಕು. ಹಾಗೆ ಬಂದು ನೆಲೆಸಿದವರನ್ನು ಅಲ್ಲಿ 'ಕೊಲೊನೊ' ಎನ್ನುತ್ತಾರೆ. ಪೆಸಿಫಿಕ್ ಮತ್ತು ಮಧ್ಯಭಾಗದಿಂದ ಬಂದ ರೈತರು, ದನಗಾಹಿಗಳು. ನಡೆಯುವ ಕ್ರಮ ಹೀಗೆ: ಯಾರೋ ಒಬ್ಬ ಮುಖಂಡನ ಸಹಿ ಇರುವ ಕಾಗದವನ್ನೋ, ನೋಟರಿ ಬರೆದುಕೊಟ್ಟ ಕ್ರಯಪತ್ರವನ್ನೋ ಕೊಳ್ಳುತ್ತಾರೆ. ಸಾಮೂಹಿಕ ಭೂಮಿಯನ್ನು ಮಾರುವಂತೆಯೇ ಇಲ್ಲವಾದ್ದರಿಂದ ಆ ಕಾಗದ ಅಸಿಂಧು. ಆದರೂ ಅದರ ಬಲದ ಮೇಲೆ ಕಾಡು ಕಡಿದು, ಸುಟ್ಟು, ಹುಲ್ಲು ಹಾಕಿ ದನ ಬಿಡುತ್ತಾರೆ. ದನದ ಮಾಂಸವೂ ಚಿನ್ನವೂ ದೇಶದ ಮುಖ್ಯ ರಫ್ತುಗಳು. ಇವರನ್ನು ಎಬ್ಬಿಸುವುದು ಯಾವ ಸರ್ಕಾರಕ್ಕೂ ರಾಜಕೀಯವಾಗಿ ದುಬಾರಿ, ಹೀಗಾಗಿ ಪೊಲೀಸರು ಬರುವುದಿಲ್ಲ. ಬೊಸಾವಾಸ್ ಕಾಡಿನ ಅಲಾಲ್ ಎಂಬ ಮಯಾಂಗ್ನಾ ಊರಿನ ಮೇಲೆ 2020ರ ಜನವರಿಯಲ್ಲಿ ಶಸ್ತ್ರಸಜ್ಜಿತ ದಾಳಿ ನಡೆದು ಜನ ಸತ್ತರು, ಮನೆಗಳು ಸುಟ್ಟವು. ಬೇಟೆ, ಮೀನು, ಗದ್ದೆಗೆ ಹೋಗಲು ಹೆದರುವಂತಾದರೆ ಅದು ಬರೀ ಹಕ್ಕಿನ ಪ್ರಶ್ನೆಯಾಗಿ ಉಳಿಯುವುದಿಲ್ಲ, ಮನೆಯ ಊಟದ ಪ್ರಶ್ನೆಯಾಗುತ್ತದೆ.

ಹಣದ ಹಂಚಿಕೆಗೂ ಅದೇ ಗತಿ. ನೈಸರ್ಗಿಕ ಸಂಪತ್ತಿನ ತೆರಿಗೆಯನ್ನು ಸಮುದಾಯ, ಪುರಸಭೆ, ಪ್ರದೇಶ ಸರ್ಕಾರ, ಕೇಂದ್ರ ಸರ್ಕಾರ ಎಂದು ತಲಾ ಶೇ. 25ರಂತೆ ಹಂಚಬೇಕೆಂದು ಅದೇ ಕಾನೂನು ಹೇಳುತ್ತದೆ. ಮೊದಲು ವಸೂಲು ಮಾಡುವುದು ಕೇಂದ್ರ. ಅಲ್ಲಿಂದ ಕೆಳಕ್ಕೆ ಬರುವುದನ್ನು ಕಾಯುವುದು ಸಮುದಾಯದ ಪಾಲು. ರಾಜಕೀಯ ದನಿಯೂ ಕುಗ್ಗಿದೆ: ಮಿಸ್ಕಿಟು ನೆಲೆಯ ಪಕ್ಷ ಯಾತಾಮಾದ ಮಾನ್ಯತೆಯನ್ನು 2023ರ ಅಕ್ಟೋಬರ್‌ನಲ್ಲಿ ರದ್ದು ಮಾಡಲಾಯಿತು.

ಇನ್ನು ದುಡಿಮೆಯ ಕಡೆ ಒಂದು ಉದಾಹರಣೆ ಸಾಕು, ಆದರೆ ಅದನ್ನು ಬಿಡಿಸಿ ಬರೆಯಿರಿ: ಲಾಬ್‌ಸ್ಟರ್ ಹಿಡಿಯುವ ಮುಳುಗುಗಾರಿಕೆ. 'ಸಕಬುಸೊ' ಎಂಬ ಮಧ್ಯವರ್ತಿ ಮುಂಗಡ ಕೊಟ್ಟು ಮಿಸ್ಕಿಟು ಗಂಡಸರನ್ನು ದೋಣಿಗೆ ಕಟ್ಟಿಹಾಕುತ್ತಾನೆ. ಸಂಬಳವಿಲ್ಲ, ಹಿಡಿದ ಪೌಂಡಿನ ಲೆಕ್ಕ. ದಡದ ಹತ್ತಿರದ ಲಾಬ್‌ಸ್ಟರ್ ಮುಗಿದಂತೆ ಇನ್ನೂ ಆಳಕ್ಕೆ ಇಳಿಯಬೇಕಾಯಿತು. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ನಾಲ್ಕು ಪಟ್ಟು. ಆ ಆಳದಲ್ಲಿ ನಿಲ್ಲದೆ ಮೇಲೆ ಬರಬಹುದಾದ ಅವಧಿ ಮೊದಲ ಮುಳುಗಿಗೇ ಸುಮಾರು 20ರಿಂದ 25 ನಿಮಿಷ. ಇವರು ಆಳದ ಮಾಪಕವೂ ಇಲ್ಲದೆ ದಿನಕ್ಕೆ ಹತ್ತಕ್ಕೂ ಹೆಚ್ಚು ಸಿಲಿಂಡರ್ ಖಾಲಿ ಮಾಡುತ್ತಾರೆ. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಬೆನ್ನುಹುರಿಗೆ ಹೊಡೆದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪುತ್ತದೆ. ಒತ್ತಡದ ಕೋಣೆಯಲ್ಲಿ ಗಂಟೆಗಳೊಳಗೆ ಚಿಕಿತ್ಸೆ ಬೇಕು. ದೋಣಿ ಬಿಲ್ವಿ ಮುಟ್ಟಲು ದಿನಗಳೇ ಹಿಡಿಯಬಹುದು. 2007ರ 613ನೇ ಕಾನೂನು ಈ ಕಸುಬನ್ನು ಮೂರು ವರ್ಷದಲ್ಲಿ ನಿಲ್ಲಿಸಬೇಕೆಂದಿತು. ಬದಲಿ ಉದ್ಯೋಗ ಸಿಗದೆ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು.

ಯೂಮನ್: ಅಳತೆಯಾದ ನೀರು, ಚೂರಾದ ಜಮೀನು

ಅಮೆರಿಕದ ಯೂಮನ್ ಜನಾಂಗಗಳ ಆರ್ಥಿಕತೆ ಎಂದರೆ ಎಲ್ಲರೂ ಕ್ಯಾಸಿನೊದಿಂದ ಶುರು ಮಾಡುತ್ತಾರೆ. ನೀರಿನಿಂದ ಶುರು ಮಾಡಿ. 1908ರ ವಿಂಟರ್ಸ್ ತೀರ್ಪಿನ ತತ್ತ್ವ: ಮೀಸಲು ಪ್ರದೇಶ, ಅಂದರೆ ಬುಡಕಟ್ಟಿಗೆಂದೇ ಕೇಂದ್ರ ಸರ್ಕಾರ ಬಿಟ್ಟ ನೆಲ, ಕೊಟ್ಟಾಗಲೇ ಅದಕ್ಕೆ ಬೇಕಾದ ನೀರನ್ನೂ ಮೀಸಲಿಟ್ಟಂತೆ. 1963ರಲ್ಲಿ 'ಅರಿಜೋನಾ ವಿರುದ್ಧ ಕ್ಯಾಲಿಫೋರ್ನಿಯಾ' ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಅಳತೆ ಕೊಟ್ಟಿತು. ಜನಸಂಖ್ಯೆ ನೋಡಲಿಲ್ಲ, ಮುಂದೆ ಎಷ್ಟು ಜನ ಇರುತ್ತಾರೆಂದು ಹೇಳಲಾಗದು ಎಂಬ ಕಾರಣಕ್ಕೆ; ನೀರಾವರಿಗೆ ತಕ್ಕ ಎಕರೆ ಎಷ್ಟು ಎಂದು ನೋಡಿತು. 1964ರ ಡಿಕ್ರಿಯಲ್ಲಿ ಐದು ಮೀಸಲು ಪ್ರದೇಶಗಳಿಗೆ 1,36,636 ಎಕರೆಗೆ ಒಟ್ಟು 9,05,496 ಎಕರೆ-ಅಡಿ.

ಎಕರೆ-ಅಡಿ ನಮಗೆ ಹೊಸದು. ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು, ಸುಮಾರು 12.3 ಲಕ್ಷ ಲೀಟರ್. ಕಾವೇರಿ ಸುದ್ದಿ ಓದಿ ಬೆಳೆದವರಿಗೆ ಟಿಎಂಸಿ ಸುಲಭ: 22,957 ಎಕರೆ-ಅಡಿಗೆ ಒಂದು ಟಿಎಂಸಿ. ಆ ಲೆಕ್ಕದಲ್ಲಿ ಐದೂ ಸೇರಿ 39 ಟಿಎಂಸಿ ಚಿಲ್ಲರೆ. ಅದರಲ್ಲಿ ಮೊಹಾವಿ ಜನರಿರುವ ಕೊಲರಾಡೊ ನದಿ ಮೀಸಲಿಗೆ 7,17,148 ಎಕರೆ-ಅಡಿ, ಅಂದರೆ 31 ಟಿಎಂಸಿ. ಕ್ವೆಚಾನರ ಫೋರ್ಟ್ ಯೂಮಾಕ್ಕೆ 51,616, ಅಂದರೆ ಎರಡು ಟಿಎಂಸಿಗೆ ತುಸು ಮೇಲೆ. ಕೋಕೋಪಾಗೆ ಬರೀ 2,744. ಕೆಲವರ ಪಾಲು ಆಮೇಲೆ ಹೆಚ್ಚಿತು. ಐದರಲ್ಲಿ ಚೆಮೆಹುಯೇವಿ ಯೂಮನ್ ಜನಾಂಗವಲ್ಲ, ಆ ಪಾಲನ್ನು ಕಳೆದು ಬರೆಯಿರಿ.

ಪ್ರಮಾಣಕ್ಕಿಂತ ಸರದಿ ಮುಖ್ಯ. ಹಕ್ಕಿನ ದಿನಾಂಕ ಮೀಸಲು ಪ್ರದೇಶ ಸ್ಥಾಪನೆಯ ದಿನಾಂಕವೇ: ಕೊಲರಾಡೊ ನದಿ ಮೀಸಲಿಗೆ 1865, ಫೋರ್ಟ್ ಯೂಮಾಕ್ಕೆ 1884. ಬರ ಬಂದರೆ ಹಳೆಯ ದಿನಾಂಕದವರಿಗೆ ಮೊದಲು ನೀರು. ಫೀನಿಕ್ಸ್ ನಗರಕ್ಕೆ ನೀರೊಯ್ಯುವ ಕಾಲುವೆಯ ಸರದಿ ಬಹಳ ಹಿಂದೆ. ಇಷ್ಟಿದ್ದೂ ಆ ನೀರನ್ನು ಮೀಸಲಿನ ಹೊರಗೆ ಗುತ್ತಿಗೆ ಕೊಡಲು ಸಂಸತ್ತಿನ ಅನುಮತಿ ಬೇಕಿತ್ತು. ಕೊಲರಾಡೊ ನದಿ ಮೀಸಲಿಗೆ ಅದು ಸಿಕ್ಕಿದ್ದು 2023ರ ಜನವರಿಯಲ್ಲಿ, ಅದೂ ಅರಿಜೋನಾದೊಳಗೆ ಮಾತ್ರ.

ನೀರಿದ್ದೂ ಕ್ವೆಚಾನರೇ ಉಳುತ್ತಿಲ್ಲ ಏಕೆ? ಉತ್ತರ ಇರುವುದು ಭೂಹಂಚಿಕೆಯಲ್ಲಿ. 1912ರ ಹೊತ್ತಿಗೆ ತಲಾ 10 ಎಕರೆಯಂತೆ ಹಂಚಿದರು. ಭೂಮಿ ಕೇಂದ್ರ ಸರ್ಕಾರದ ಟ್ರಸ್ಟಿನಲ್ಲಿ, ವಾರಸುದಾರರಿಗೆ ಪಾಲು ಮಾತ್ರ. ಒಬ್ಬರಿಗೆ ಐವರು ಮಕ್ಕಳು, ಅವರಿಗೆ ತಲಾ ನಾಲ್ವರು, ಅವರಿಗೂ ತಲಾ ನಾಲ್ವರು ಎಂದಿಟ್ಟುಕೊಳ್ಳಿ. ಮೂರನೇ ತಲೆಗೆ ಅದೇ 10 ಎಕರೆಗೆ 80 ಪಾಲುದಾರರು. ಉಳುವುದಕ್ಕೆ ಒಪ್ಪಿಗೆ ಕೂಡುವುದಿಲ್ಲ, ಹೊರಗಿನ ದೊಡ್ಡ ರೈತನಿಗೆ ಗುತ್ತಿಗೆ ಕೊಟ್ಟು ಚೂರುಪಾರು ಹಣ ಹಂಚಿಕೊಳ್ಳುವುದೇ ಸುಲಭವಾಗುತ್ತದೆ. ಟ್ರಸ್ಟ್ ಭೂಮಿಯನ್ನು ಬ್ಯಾಂಕಿಗೆ ಅಡವಿಡುವುದೂ ಕಷ್ಟ. ಕೇಂದ್ರದ ಅನುಮತಿ ಬೇಕು. ಮಿಸ್ಕಿಟು ಸಾಮೂಹಿಕ ಭೂಮಿಗೂ ಇದೇ ತೊಡಕು, ಅಲ್ಲಿ ಅಡಮಾನವೇ ನಿಷಿದ್ಧ. ವ್ಯತ್ಯಾಸ ಎಂದರೆ ಅಮೆರಿಕದಲ್ಲಿ 1992ರಿಂದ ಮನೆಸಾಲಕ್ಕೆ ಕೇಂದ್ರದ ಖಾತರಿ ಯೋಜನೆಯೊಂದಿದೆ.

ಕ್ಯಾಸಿನೊ ಈಗ ಬರಲಿ. ಬುಡಕಟ್ಟು ನೆಲದ ಜೂಜಿಗೆ ರಾಜ್ಯದ ನಿಯಂತ್ರಣ ಅನ್ವಯಿಸದು ಎಂದ 1987ರ ಕಬಜಾನ್ ತೀರ್ಪು, 1988ರ ಬುಡಕಟ್ಟು ಜೂಜು ನಿಯಂತ್ರಣ ಕಾಯ್ದೆ, ಆಮೇಲೆ ರಾಜ್ಯದೊಂದಿಗೆ ಒಪ್ಪಂದ. ಲಾಭವನ್ನು ಐದೇ ಉದ್ದೇಶಕ್ಕೆ ಬಳಸಬಹುದು: ಬುಡಕಟ್ಟು ಸರ್ಕಾರದ ಖರ್ಚು, ಸದಸ್ಯರ ಕ್ಷೇಮ, ಆರ್ಥಿಕ ಅಭಿವೃದ್ಧಿ, ದಾನ, ಸ್ಥಳೀಯ ಆಡಳಿತಕ್ಕೆ ನೆರವು. ತಲಾ ಹಣ ಹಂಚಬೇಕಾದರೆ ಒಳಾಡಳಿತ ಇಲಾಖೆ ಒಪ್ಪಿದ ಯೋಜನೆ ಬೇಕು, ಬಂದ ಹಣಕ್ಕೆ ಸದಸ್ಯರು ಕೇಂದ್ರ ತೆರಿಗೆ ಕಟ್ಟಬೇಕು. ಸ್ಯಾನ್ ಡಿಯೇಗೊ ಮಗ್ಗುಲಲ್ಲಿರುವ ಬರೋನಾ, ಸಿಕ್ವಾನ್, ವಿಯೇಹಾಸ್ ಎಂಬ ಕುಮಿಯಾಯ್ ಗುಂಪುಗಳಿಗೆ ಗಿರಾಕಿ ತುಂಬ. ಸುಪಾಯ್ ಊರಿನ ಹವಸುಪಾಯ್ ಜನಕ್ಕೆ ರಸ್ತೆಯೇ ಇಲ್ಲ: ಎಂಟು ಮೈಲಿ ಕಾಲುದಾರಿ, ಟಪಾಲು ಹೇಸರಗತ್ತೆಯ ಮೇಲೆ, ದುಡಿಮೆ ಜಲಪಾತ ನೋಡಲು ಬರುವವರಿಂದ. ಕೋವಿಡ್ ಕಾಲದಲ್ಲಿ 2020ರ ಮಾರ್ಚ್‌ನಿಂದ 2023ರ ಫೆಬ್ರವರಿವರೆಗೆ ಪ್ರವಾಸಿಗರಿಗೆ ಊರು ಮುಚ್ಚಿತ್ತು. 'ಯೂಮನ್ ಸರಾಸರಿ ಆದಾಯ' ಎಂಬ ಅಂಕಿ ಕಂಡರೆ ಈ ಎರಡು ಊರುಗಳನ್ನು ನೆನಪಿಸಿಕೊಂಡು ಅನುಮಾನಪಡಿ.

ಗಡಿಯ ಆಚೆ ಈಚೆ ಒಂದೇ ಜನ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಲಿಸುವ ಹೋಲಿಕೆ ಯೂಮನ್ ಒಳಗೇ ಇದೆ. ಅಮೆರಿಕದಲ್ಲಿ ಕೋಕೋಪಾ, ಮೆಕ್ಸಿಕೊದಲ್ಲಿ ಕುಕಾಪಾ: ಒಂದೇ ಭಾಷೆ, ಒಂದೇ ಬಳಗ, ನಡುವೆ ಗಡಿ. ಸೊಮರ್ಟನ್ ಪಟ್ಟಣದ ಬಳಿ ಕೋಕೋಪಾಗೆ ಇರುವ ನೆಲ ಸುಮಾರು 6,500 ಎಕರೆ, ಅದರಲ್ಲಿ ಹೆಚ್ಚಿನದು 1985ರ ಕಾನೂನಿನಿಂದ ಸೇರಿದ್ದು. ಎಲ್ ಮಾಯೋರ್ ಊರಿನ ಕುಕಾಪಾಗೆ ಕಾಗದದಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು. ಆದರೆ ಅದು ಬೋಳು ಬೆಟ್ಟ, ಒಣಗಿದ ಉಪ್ಪುನೆಲ. 1944ರ ಒಪ್ಪಂದ ಮೆಕ್ಸಿಕೊಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ, ಅಂದರೆ 65 ಟಿಎಂಸಿ ಕೊಟ್ಟಿತು. ಅದು ಮೆಹಿಕಾಲಿ ಕಣಿವೆಯ ನೀರಾವರಿಗೂ ನಗರಗಳಿಗೂ ಹೋಗುತ್ತದೆ. ಕುಕಾಪಾ ಹೆಸರಿಗೆ ಆ ಒಪ್ಪಂದದಲ್ಲಿ ಒಂದು ಹನಿಯೂ ಇಲ್ಲ. ನದಿಮುಖ ಬತ್ತಿದ ಮೇಲೆ ಉಳಿದದ್ದು ಕೊರ್ವಿನಾ ಮೀನು, ವಸಂತದ ದೊಡ್ಡ ಭರತದ ಹೊತ್ತಿಗೆ ಮೊಟ್ಟೆಯಿಡಲು ಬರುವಂಥದ್ದು. 1993ರಲ್ಲಿ ಆ ಜಾಗವೇ ಜೀವಗೋಳ ಮೀಸಲಿನ ಒಳವಲಯವಾಗಿ ಮೀನುಗಾರಿಕೆಗೆ ನಿರ್ಬಂಧ ಬಿತ್ತು. ಜಮೀನಿನ ವಿಸ್ತೀರ್ಣ ನೋಡಿದರೆ ಕುಕಾಪಾ ಶ್ರೀಮಂತರು, ಬದುಕು ನೋಡಿದರೆ ಕೋಕೋಪಾ.

ಈ ಪ್ಯಾರಾ ಬರೆದ ಮೇಲೆ ಮಿಸ್ಕಿಟು ಕಡೆಗೆ ಮರಳಿದರೆ ವಾದ ತಾನಾಗಿ ನಿಲ್ಲುತ್ತದೆ: ವಿಸ್ತೀರ್ಣವಲ್ಲ, ಹಕ್ಕನ್ನು ಜಾರಿ ಮಾಡಿಸುವ ಬಲ. ಕುಕಾಪಾ ಸ್ಥಿತಿ ತಮ್ಮದೇ ಬಳಗದ ಕೋಕೋಪಾಕ್ಕಿಂತ ಮಯಾಂಗ್ನಾ ಸ್ಥಿತಿಗೆ ಹತ್ತಿರ.

ಅಂಕಿಗಳಲ್ಲಿ ಎಡವುವ ಜಾಗಗಳು

ಬಡತನದ ಶೇಕಡಾವಾರನ್ನು ನೇರ ಹೋಲಿಸಬೇಡಿ. ಅಮೆರಿಕದಲ್ಲಿ 2023ಕ್ಕೆ ನಾಲ್ವರ ಕುಟುಂಬದ ಬಡತನ ಮಿತಿ 30,000 ಡಾಲರ್, ತಲೆಗೆ ದಿನಕ್ಕೆ 20 ಡಾಲರಿಗೂ ಮೇಲೆ. ವಿಶ್ವಬ್ಯಾಂಕಿನ ಕಡುಬಡತನ ರೇಖೆ ಆಗ 2.15 ಡಾಲರ್, 2025ರ ಜೂನ್‌ನಿಂದ 3 ಡಾಲರ್, ಅದೂ ಕೊಳ್ಳುವ ಶಕ್ತಿಗೆ ಹೊಂದಿಸಿದ್ದು. ಎರಡೂ ಕಡೆ 'ಶೇ. 30 ಬಡವರು' ಎಂದು ಬಂದರೂ ಅರ್ಥ ಒಂದೇ ಅಲ್ಲ. ಸಣ್ಣ ಮೀಸಲು ಪ್ರದೇಶಗಳಿಗೆ ಅಮೆರಿಕದ ಸಮೀಕ್ಷೆ ಐದು ವರ್ಷದ ಸರಾಸರಿ ಕೊಡುತ್ತದೆ; ಅದರ ಜೊತೆಗಿರುವ ದೋಷಮಿತಿಯನ್ನೂ ಬರೆಯಿರಿ. ಮೀಸಲಿನಲ್ಲಿ ವಾಸವಿರುವವರು, ಬುಡಕಟ್ಟಿನ ನೋಂದಾಯಿತ ಸದಸ್ಯರು ಬೇರೆ ಬೇರೆ ಸಂಖ್ಯೆ. ನಿಕರಾಗುವಾದಲ್ಲಿ ಹೊರದೇಶದಿಂದ ಮನೆಗೆ ಬರುವ ಹಣ 2023ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಕಾಲು ಭಾಗ ದಾಟಿತ್ತು. ದೇಶದ ಸರಾಸರಿಯನ್ನು ಎತ್ತುವ ಆ ಹಣ ಕರಾವಳಿಯ ಒಳಹಳ್ಳಿಗೂ ಅಷ್ಟೇ ಬರುತ್ತದೆಂದು ಊಹಿಸಬೇಡಿ.

ಆದಾಯದ ಜೊತೆಗೆ ಭಾಷೆಯ ಅಂಕಣವನ್ನೂ ಇಡಿ, ಅಲ್ಲಿ ಚಿತ್ರ ತಿರುಗುತ್ತದೆ. ಮಿಸ್ಕಿಟು ಎಂಬುದು ಮಕ್ಕಳು ಇಂದಿಗೂ ಮನೆಯಲ್ಲಿ ಕಲಿತು ಆಡುವ ಭಾಷೆ, 1980ರ ದಶಕದಿಂದ ದ್ವಿಭಾಷಾ ಶಾಲೆಗಳೂ ಇವೆ. ಕ್ವೆಚಾನ್ ಮಕ್ಕಳನ್ನು 1880ರ ದಶಕದಿಂದಲೇ ಹಳೆಯ ಸೇನಾಕೋಟೆಯ ವಸತಿಶಾಲೆಯಲ್ಲಿ ಇಂಗ್ಲಿಷಿಗೆ ಒಗ್ಗಿಸಲಾಯಿತು; ಈಗ ಭಾಷೆ ಬಲ್ಲವರು ಹೆಚ್ಚಾಗಿ ಹಿರಿಯರೇ. ಕಿಲಿವಾ ಆಡುವವರು ಬೆರಳೆಣಿಕೆಯಷ್ಟು. ಬಡ ಬದಿಯಲ್ಲೂ ರಾಮಾ ಭಾಷೆ ಅಳಿವಿನಂಚಿನಲ್ಲಿದೆ, ಹಾಗಾಗಿ ಬಡತನವೇ ಭಾಷೆಯನ್ನು ಕಾಪಾಡಿತು ಎಂದು ಯಾರೂ ಬರೆಯಬಾರದು; ಎಣಿಕೆಯ ಬಲ ಮತ್ತು ಶಾಲೆಯ ಇತಿಹಾಸ ನೋಡಿ.