ಬೆಳಕಿಗೆ ಹಿಡಿದರೆ ಪಪೈರಸ್

ಕೈರೋಗೆ ಹೋಗಿ ಬಂದವರು ಪಪೈರಸ್ ಚಿತ್ರವನ್ನು, ಅಂದರೆ ಹಳೇ ಈಜಿಪ್ಟಿನವರು ಬರೆಯಲು ಬಳಸುತ್ತಿದ್ದ ಗಿಡದ ಹಾಳೆಯ ಮೇಲಿನ ಚಿತ್ರವನ್ನು ತಂದು ನನ್ನ ಮೇಜಿನ ಮೇಲೆ ಹರಡುತ್ತಾರೆ. 'ಇದು ಅಸಲಿನಾ, ನೋಡಿ' ಅಂತ. ತಾಳೆಗರಿ, ಹಳೇ ಕಾಗದ ರಿಪೇರಿ ಮಾಡುವವಳಿಗೆ ಇದೂ ಗೊತ್ತಿರುತ್ತೆ ಅನ್ನೋ ನಂಬಿಕೆ. ನಾನು ಸುಮ್ನೆ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಉದ್ದದ ಎಳೆ, ಅಡ್ಡದ ಎಳೆ ಸೇರಿ ಚೌಕುಳಿ ಕಂಡರೆ ಒಳ್ಳೆಯ ಲಕ್ಷಣ. ಎಷ್ಟೋ ಸಲ ಅದು ಬಾಳೆ ನಾರಿನ ಹಾಳೆ. ಸುರುಳಿ ಸುತ್ತಲು ಹೋದರೆ ಸೀಳುತ್ತದೆ.

ಪಪೈರಸ್ ನಮ್ಮ ಹೊಲದ ಕೊನ್ನಾರಿ ಗಡ್ಡೆಯ ಕುಲದ್ದೇ. ಆದರೆ ಕೊನ್ನಾರಿ ಮೊಳಕಾಲಿಗೂ ಬರುವುದಿಲ್ಲ, ಇದು ನೈಲ್ ನದಿಯ ಜೌಗಿನಲ್ಲಿ 4-5 ಮೀಟರ್ ಏರುತ್ತಿತ್ತು. ದಂಟಿಗೆ ಮೂರು ಮೂಲೆ. ಹಸಿರು ಸಿಪ್ಪೆ ಸುಲಿದರೆ ಒಳಗೆ ಬಾಳೆದಿಂಡಿನಂಥ ಬಿಳಿ ತಿರುಳು. ಅದನ್ನು ತೆಳ್ಳಗೆ ಸೀಳಿ, ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ, ಮೇಲೆ ಇನ್ನೊಂದು ಪದರ ಅಡ್ಡಡ್ಡ ಇಟ್ಟು, ಒತ್ತಿ ಒಣಗಿಸುತ್ತಿದ್ದರು. ಬೇರೆ ಅಂಟು ಬೇಕಿಲ್ಲ, ಗಿಡದ ರಸವೇ ಸಾಕು. ರೋಮಿನ ಪ್ಲಿನಿ ಮಾತ್ರ ನೈಲ್‌ನ ಕೆಸರು ನೀರೇ ಅಂಟು ಎಂದು ಬರೆದಿದ್ದಾನೆ. ಕೈಯಾರೆ ಮಾಡಿ ನೋಡಿರಲಿಕ್ಕಿಲ್ಲ, ಪಾಪ!

ಕಾಗದಕ್ಕಾದರೆ ನಾರನ್ನು ಅರೆದು ನೀರಲ್ಲಿ ಕದಡಬೇಕು. ಇಲ್ಲಿ ಎಳೆಗಳು ಇದ್ದ ಹಾಗೇ ಇರುತ್ತವೆ. ಹಾಳೆಗಳನ್ನು ಸಾಲಾಗಿ ಅಂಟಿಸಿ ಸುರುಳಿ ಮಾಡುವಾಗ ಮಲಗಿದ ಎಳೆಯ ಬದಿ ಒಳಕ್ಕೆ. ಲಿಪಿಕಾರ ಮೊದಲು ಬರೆಯುತ್ತಿದ್ದುದು ಆ ಬದಿಯಲ್ಲೇ. ಮಸಿ ಎರಡು: ಕಾಡಿಗೆಯ ಕಪ್ಪು, ಕಾವಿಮಣ್ಣಿನ ಕೆಂಪು.

ಇದನ್ನು ಯಾರೂ ಸುಲಭಕ್ಕೆ ಎಸೆಯುತ್ತಿರಲಿಲ್ಲ. ಹಳೇ ಬರಹ ತೊಳೆದು ಮತ್ತೆ ಬರೆಯುತ್ತಿದ್ದರು. ಗ್ರೀಕ್ ದೊರೆಗಳ ಕಾಲಕ್ಕೆ ರದ್ದಿ ಪಪೈರಸ್ ಅಂಟಿಸಿ ಮಮ್ಮಿಗಳಿಗೆ ಮುಖವಾಡವನ್ನೂ ಮಾಡಿದರು. ಸಣ್ಣಪುಟ್ಟ ಲೆಕ್ಕ, ಚೀಟಿಗಳಿಗೆ ಮಡಕೆ ಚೂರು, ಸುಣ್ಣಕಲ್ಲಿನ ಚೆಕ್ಕೆ.

ಗಿಡ ಬೆಳೆದದ್ದು ಕೆಸರಲ್ಲಿ, ಬರಹ ಉಳಿದದ್ದು ಮರಳಲ್ಲಿ. ನೈಲ್ ಸಮುದ್ರ ಸೇರುವ ಒದ್ದೆ ನೆಲದಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೊಳೆತುಹೋಗಿದೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಸಿಕ್ಕಿತು. ತುರಾ ಗಣಿಯ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ, ದೊರೆ ಖುಫುವಿನ ಪಿರಮಿಡ್ಡಿಗೆ ಸಾಗಿಸಿದ ಲೆಕ್ಕ ಅದರಲ್ಲಿದೆ. ಬರಹವಿರುವ ಪಪೈರಸ್‌ಗಳಲ್ಲಿ ನಮಗೆ ಸಿಕ್ಕ ಅತಿ ಹಳೆಯದು ಇದೇ, ಸುಮಾರು 4,500 ವರ್ಷದ್ದು.

ಈಜಿಪ್ಟಿನ ಹಳೇ ಊರು ಆಕ್ಸಿರಿಂಕಸ್‌ನಲ್ಲಿ ಪಪೈರಸ್ ಮೇಲೆ ಸಿಕ್ಕ ಗ್ರೀಕ್ ಪ್ರಹಸನದ ಕಥೆ ನಿಮಗೆ ಗೊತ್ತಿರಬೇಕು ಅಲ್ವಾ? ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣಿನ ಕಥೆ. ಅದರ ಕೆಲವು ಮಾತು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಹೇಳಿದರು. ಗೋವಿಂದ ಪೈ ಅವರೂ ಅದರ ಬೆನ್ನು ಹತ್ತಿದರು. ಎಲ್ಲರೂ ಒಪ್ಪಿಲ್ಲ, ನನಗೂ ಅನುಮಾನವಿದೆ. ನನ್ನ ಕಣ್ಣಿರುವುದು ಅದು ಸಿಕ್ಕ ಜಾಗದ ಮೇಲೆ. ಆ ಊರಿನ ತಿಪ್ಪೆಯಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಬಿದ್ದಿತ್ತು! ನಮ್ಮ ಉಡುಪಿಯ ತಿಪ್ಪೆಯಾಗಿದ್ದರೆ ಒಂದೇ ಮಳೆಗಾಲ.

ಅದಕ್ಕೇ ಕೈರೋ ಚಿತ್ರ ತಂದವರಿಗೆ ಅಸಲಿಯೋ ನಕಲಿಯೋ ಎಂದು ಹೇಳುವ ಮೊದಲು ಕೇಳುತ್ತೇನೆ: ಇದನ್ನು ಯಾವ ಗೋಡೆಗೆ ಹಾಕ್ತೀರಿ, ಬಚ್ಚಲು ಕಡೆಯದಕ್ಕಾ?